ಯಾರು ನೋಡಿದ್ದು?

2018ರ ಜುಲೈ. ಬೀದರ್ ಜಿಲ್ಲೆಯ ಔರಾದ್ ಕಡೆ ಬಂದಿದ್ದ ಹೈದರಾಬಾದಿನ ಗೆಳೆಯರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಮಾತು ವಾಟ್ಸಾಪ್ ಹತ್ತಿತು. ಅವರ ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ಆ ಮಾತು ಮುಟ್ಟಿ, ರಸ್ತೆಗೆ ಅಡ್ಡ ಹಾಕಿಸಿ, ಜನರ ಕೈಗೆ ಕಲ್ಲು ದೊಣ್ಣೆ ಕೊಟ್ಟಿತ್ತು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು.

ಕಲ್ಲೆತ್ತಿದವರನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನ ನಿದ್ದೆ ಕೆಡಿಸುವವರು ಬೇರೆ. ಅಂಥ ಸಂದೇಶ ಓದಿ, ‘ಸುಳ್ಳಿರಬೇಕು, ನಮಗ್ಯಾಕೆ’ ಎಂದು ಫೋನನ್ನು ಜೇಬಿಗಿಳಿಸುವವರು. ಪ್ರತಿ ಗುಂಪಿನಲ್ಲೂ ಅವರಿದ್ದಾರೆ. ನಾನಿದ್ದೇನೆ. ನೀವೂ ಇದ್ದೀರಿ.

2012ರ ಆಗಸ್ಟ್ ನೆನಪಿದೆಯೇ? ಅಸ್ಸಾಮಿನ ಕೊಕ್ರಝಾರ್ ಗಲಭೆಯಲ್ಲಿ ಹೊತ್ತಿ ಉರಿದಿತ್ತು. ಅದರ ಸೇಡಿಗೆ ಬೆಂಗಳೂರಿನಲ್ಲೂ ಈಶಾನ್ಯದವರನ್ನು ಹೊಡೀತಾರಂತೆ ಎಂಬ ಒಂದು ‘ಅಂತೆ’ ಸಾಕಾಯಿತು: ಹೋಟೆಲು, ಬ್ಯೂಟಿ ಪಾರ್ಲರು, ಸೆಕ್ಯುರಿಟಿ ಕೆಲಸ ಎಲ್ಲ ಬಿಟ್ಟು ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲಿಗೆ ಮುಗಿಬಿದ್ದರು. ವಿಶೇಷ ರೈಲು ಬಿಡಬೇಕಾಯಿತು. ಒಂದೇ ಸಲಕ್ಕೆ 5ಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳಿಸದಂತೆ ಸರ್ಕಾರ ತಡೆ ಹಾಕಿತು. ಮುರ್ಕಿಯ ಬೆನ್ನಿಗೇ ಫಾರ್ವರ್ಡ್‌ಗಳಿಗೆ ವಾಟ್ಸಾಪ್ ಹಾಕಿದ ಮಿತಿಯೂ 5. ಆ ಐದು ಕಡೆ ಒಬ್ಬರಾದರೂ ಬಾಯಿ ಬಿಡದಿದ್ದರೆ ಯಾವ ಮಿತಿ ಯಾರನ್ನು ಉಳಿಸೀತು?

ಹಿಂದೆ ಊರಲ್ಲಿ ಡಂಗುರ ಸಾರುವವನ ಮನೆ ಎಲ್ಲರಿಗೂ ಗೊತ್ತಿರುತ್ತಿತ್ತು. ತಮಟೆ ಬಡಿದು ಹೇಳಿದ್ದು ಸುಳ್ಳಾದರೆ ಮರುದಿನ ಅವನ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಫಾರ್ವರ್ಡಿಗೆ ಬಾಗಿಲೇ ಇಲ್ಲ. ನಾಳೆ ಹೊಳೆ ಉಕ್ಕಿದಾಗ, ಗುಡ್ಡ ಬಾಯಿಬಿಟ್ಟಾಗ, ‘ಈಗಲೇ ಹೊರಡಿ’ ಎಂಬ ನಿಜವಾದ ಎಚ್ಚರಿಕೆಯೂ ಇದೇ ಫೋನಿಗೆ ಬರಬೇಕು. ದಿನಕ್ಕೆ ಹತ್ತು ಸುಳ್ಳು ಓದಿದ ತಾಯಿ ಆ ಒಂದು ನಿಜವನ್ನು ನಂಬಿ, ನಡುರಾತ್ರಿ ಮಗುವನ್ನೆತ್ತಿಕೊಂಡು ಹೊರಡುತ್ತಾಳೆಯೇ?

ಅಂಥ ಸುಳ್ಳು ಕಳಿಸಿದವರು ಸೋದರಮಾವ, ಇಲ್ಲವೇ ಪಾಠ ಹೇಳಿದ ಮೇಷ್ಟ್ರು. ಹಿರಿಯರಿಗೆ ಎದುರಾಡುವುದು ಹೇಗೆ? ಆ ಸಂಕೋಚ ನನಗೂ ಗೊತ್ತು. ಅದಕ್ಕೆ ಸೋತು ಎಷ್ಟೋ ಸಲ ಸುಮ್ಮನಿದ್ದೇನೆ. ಇನ್ನು ಆಗದು. ಕೈಮುಗಿದು ಕೇಳುತ್ತೇನೆ, ನೀವೂ ಸುಮ್ಮನಿರಬೇಡಿ. ‘ಮಾವ, ಇದನ್ನು ಯಾರು ನೋಡಿದ್ದು? ಯಾವ ಊರಲ್ಲಿ? ಯಾವತ್ತು?’ ಎಂದು ಎಲ್ಲರೆದುರೇ ಕೇಳಿ. ಠಾಣೆಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಅದೇ ಗುಂಪಿಗೆ ಹಾಕಿ. ಬೆಳಗಾಗಲೆಂದು ಕಾಯಬೇಡಿ. ಕಾರು ಇನ್ನೂ ದಾರಿಯಲ್ಲಿರುವಾಗಲೇ ಹಾಕಿ.