ಸವೆಯುವುದೇ ಅದರ ಕೆಲಸ

ಕೋಲಾರ, ಹೊಸಕೋಟೆ ಕಡೆಯಿಂದ ತರಕಾರಿ ಹೊತ್ತ ಪಿಕಪ್ ಗಾಡಿಯೊಂದು ಹಳೆ ಮದರಾಸು ರಸ್ತೆಯಲ್ಲಿ ಸರಾಗವಾಗಿ ಓಡಿಬರುತ್ತದೆ. ಕೃಷ್ಣರಾಜಪುರ ದಾಟಿತೋ, ಚಾಲಕನ ಕಾಲು ಬ್ರೇಕ್ ಪೆಡಲಿನ ಮೇಲೆಯೇ. ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಬಳಿಗೆ ಬಂದರಂತೂ ಮುಗಿಯಿತು. ತಳ್ಳುಗಾಡಿ, ತಲೆಹೊರೆ ಹೊತ್ತ ಹಮಾಲಿ, ಶಾಲೆಗೆ ಹೊರಟ ಮಕ್ಕಳು, ಎಲ್ಲರೂ ಗಾಡಿಯ ಮುಂದೆಯೇ.

ಗಾಡಿ ನಿಲ್ಲುವಾಗ ಚಕ್ರದಿಂದ 'ಕಿರ್‍ರ್' ಎಂಬ ಸದ್ದು ಬಂತೆನ್ನಿ. "ಅಣ್ಣಾ, ಪ್ಯಾಡ್ ಸವೆದಿರ್ಬೇಕು, ಬಿಚ್ಚಿಸಿ ನೋಡಿ" ಎನ್ನುತ್ತಾನೆ ಮೂಟೆ ಇಳಿಸುವ ಹುಡುಗ. "ಈ ವಾರ ಕಳೀಲಿ ಬಿಡಪ್ಪಾ. ಗಾಡಿ ಒಂದಿನ ನಿಂತ್ರೆ ಬಾಡಿಗೆ ಯಾರು ಕೊಡ್ತಾರೆ?" ಎನ್ನುತ್ತಾನೆ ಚಾಲಕ. ಅವನ ಕಷ್ಟ ಸುಳ್ಳಲ್ಲ. ಆದರೆ ಭೌತಶಾಸ್ತ್ರ ವಾರದ ಗಡುವು ಕೊಡುವುದಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಸರಕು ಸೇರಿ ಗಾಡಿಯ ತೂಕ 2,500 ಕಿಲೋಗ್ರಾಂ ಇರಲಿ. ಚಲನಶಕ್ತಿ ಎಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ಬಂದದ್ದರಲ್ಲಿ ಅರ್ಧ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದು 1,25,000 ಜೂಲ್. ವೇಗ 72 ಕಿಲೋಮೀಟರ್ ಆದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 5,00,000 ಜೂಲ್. ಒಂದೂವರೆ ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಸುಮಾರು ಇಷ್ಟೇ ಶಾಖ ಬೇಕು. ಗಾಡಿ ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಅಷ್ಟೂ ಶಕ್ತಿ, ಹೆಚ್ಚುಕಡಿಮೆ ಪೂರ್ತಿಯಾಗಿ, ಬ್ರೇಕುಗಳಲ್ಲಿ ಶಾಖವಾಗುತ್ತದೆ.

ಮುಂದಿನ ಚಕ್ರದೊಂದಿಗೆ ತಿರುಗುವ ಬೀಡು ಕಬ್ಬಿಣದ ಡಿಸ್ಕನ್ನು ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ದುಬಾರಿ ಡಿಸ್ಕ್ ಉಳಿಯಲಿ, ಅಗ್ಗದ ಪ್ಯಾಡ್ ಸವೆಯಲಿ ಎಂದೇ ಪ್ಯಾಡಿನ ವಸ್ತುವನ್ನು ಆರಿಸಿರುತ್ತಾರೆ. ಹೊಸ ಪ್ಯಾಡಿನ ಘರ್ಷಣ ಪದರ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ದಪ್ಪ. ಅದು 3 ಮಿಲಿಮೀಟರಿಗೆ ಇಳಿದರೆ ಬದಲಿಸುವುದು ಕ್ಷೇಮ. ಕೆಲವು ಪ್ಯಾಡುಗಳಲ್ಲಿ ಸಣ್ಣ ಉಕ್ಕಿನ ನಾಲಗೆಯೊಂದು ಇರುತ್ತದೆ. ಪದರ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಇಬ್ಬನಿ ಬಿದ್ದ ಬೆಳಿಗ್ಗೆಯ ಸದ್ದು ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗಬಹುದು. ಹೋಗದ ಸದ್ದು ಎಚ್ಚರಿಕೆಯ ಗಂಟೆ. ಅದಕ್ಕೂ ಕಿವಿಗೊಡದಿದ್ದರೆ ಪ್ಯಾಡಿನ ಬೆನ್ನಿನ ಉಕ್ಕೇ ಡಿಸ್ಕನ್ನು ಕೆರೆದುಹಾಕುತ್ತದೆ. ಆಗ ಡಿಸ್ಕಿಗೂ ದುಡ್ಡು ತೆರಬೇಕು. ಹಿಡಿತ ತಪ್ಪಿ ಗಾಡಿ ನಿಲ್ಲದೆ ಹೋದರೆ ತೆರುವವರು ಬೇರೆಯೇ.

ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವುದನ್ನು ನೋಡಿದ್ದೀರಲ್ಲ? ಹಾಗೆಯೇ ಗಾಡಿಯ ಭಾರವೂ ಮುಂದಿನ ಚಕ್ರಗಳ ಮೇಲೆ ಹೆಚ್ಚು ಬೀಳುತ್ತದೆ. ಆದ್ದರಿಂದ ಹೆಚ್ಚಿನ ಗಾಡಿಗಳಲ್ಲಿ ಮುಂದಿನ ಪ್ಯಾಡುಗಳೇ ಬೇಗ ಸವೆಯುತ್ತವೆ. ಎಡ, ಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಇಲ್ಲವಾದರೆ ಗಾಡಿ ಒಂದೇ ಪಕ್ಕಕ್ಕೆ ಎಳೆಯುವ ಸಂಭವವುಂಟು. ಪಿಕಪ್‌ಗಳ ಹಿಂದಿನ ಚಕ್ರಗಳಲ್ಲಿ ಸಾಮಾನ್ಯವಾಗಿ ಡ್ರಮ್ ಇರುತ್ತದೆ. ಅದರೊಳಗಿನ ಲೈನರ್ ಹೊರಗೆ ಕಾಣದು, ಬಿಚ್ಚಿಯೇ ನೋಡಬೇಕು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಬಿಡಿಭಾಗ ಏನೆಲ್ಲ ಸಿಗುತ್ತದೆ. ಪ್ಯಾಡು, ಲೈನರುಗಳನ್ನು ಮಾತ್ರ ಹೊಸದಾಗಿಯೇ ಕೊಳ್ಳಬೇಕು.

ಇನ್ನು ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್ ಆದರೂ ಸಾಮಾನ್ಯವಾಗಿ ಬಳಸುವ ದ್ರವ ಎಣ್ಣೆಯಲ್ಲ. ಗಾಳಿಯಲ್ಲಿನ ತೇವವನ್ನು ಹೀರುವ ಗುಣ ಅದಕ್ಕಿದೆ. 'ಡಾಟ್ 3' ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ದ್ರವಕ್ಕೆ ಈ ಮಿತಿ 140 ಡಿಗ್ರಿ. ಬ್ರೇಕ್ ಕಾದು ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಪೆಡಲು ಮೆತ್ತಗೆ ಒಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸುವುದು ಇದಕ್ಕಾಗಿಯೇ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ, ಗುಳ್ಳೆಯಿಲ್ಲದಂತೆ ನೀರು ತುಂಬಿ. ಒಂದನ್ನು ಒತ್ತಿದರೆ ಇನ್ನೊಂದು ಥಟ್ಟನೆ ಹೊರಬರುತ್ತದೆ. 17ನೇ ಶತಮಾನದ ಪಾಸ್ಕಲ್ ಹೇಳಿದ ನಿಯಮ ಇದೇ. ಈಗ ನೀರಿನ ಬದಲು ಗಾಳಿ ತುಂಬಿ, ಒಂದನ್ನು ಬಿಗಿಹಿಡಿದು ಇನ್ನೊಂದನ್ನು ಒತ್ತಿ. ಸ್ಪ್ರಿಂಗಿನಂತೆ ಒಳಹೋಗುತ್ತದೆ, ಒತ್ತಡವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆಯುತ್ತದೆ.

ಬ್ರೇಕ್ ದೂಳಿನ ವಿಷಯವೂ ಒಂದಿದೆ. ಹಿಂದೆ ಲೈನರುಗಳಲ್ಲಿ ಕಲ್ನಾರನ್ನು ಬಹಳವಾಗಿ ಬಳಸುತ್ತಿದ್ದರು. ಅದರ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ. ಈಗಿನ ದೂಳೂ ಉಸಿರಿಗೆ ಒಳ್ಳೆಯದಲ್ಲ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರು ಅದನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ನಿಮ್ಮ ಮನೆಯ ಸ್ಕೂಟರಾಗಲಿ, ನೀವು ಶಾಲೆಗೆ ಹೋಗುವ ವ್ಯಾನಾಗಲಿ ನಿಲ್ಲುವಾಗ ಕಿರುಚಿದರೆ ಸುಮ್ಮನಿರಬೇಡಿ, ಹಿರಿಯರಿಗೆ ಹೇಳಿ. ಹಿರಿಯರೂ "ಈ ವಾರ ಕಳೀಲಿ" ಎನ್ನದಿರಲಿ. ಸವೆಯುವುದು ಪ್ಯಾಡಿನ ಕೆಲಸ, ಅದನ್ನು ಸಕಾಲದಲ್ಲಿ ಬದಲಿಸುವುದು ನಮ್ಮದು.