ಬಿಲ್ಲಿಗೆ ಬೇಕಾದುದು ಖರೀದಿದಾರನ ಒಪ್ಪಿಗೆ

ಬೊಮ್ಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಜಾಬ್‌ವರ್ಕ್ ಮಾಡಿಕೊಡುವ, ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳ ಮುಖ್ಯ ಆಸ್ತಿ ಯಂತ್ರವಲ್ಲ, ಬರಬೇಕಾದ ಬಾಕಿ. ಸರಕು ಹೋಗಿ ಮೂರು ತಿಂಗಳಾದರೂ ಹಣ ಬಾರದಿರುವುದು ಅಪರೂಪವೇನಲ್ಲ. ಅಂತಹ ಬಿಲ್ಲಿನ ಆಧಾರದ ಮೇಲೆ ಸಾಲ ಕೇಳಿದರೆ ಬ್ಯಾಂಕಿನವರು ಮನೆಪತ್ರ ಕೇಳುತ್ತಾರೆ. ಬಿಲ್ಲು ನಿಜವೇ, ಅದರ ಮೇಲೆ ಬೇರೊಂದು ಬ್ಯಾಂಕು ಈಗಾಗಲೇ ಸಾಲ ನೀಡಿದೆಯೇ, ಖರೀದಿದಾರನು ಆ ಬಾಕಿಯನ್ನು ಒಪ್ಪುತ್ತಾನೆಯೇ ಎಂಬ ಸಂದೇಹಗಳೇ ಇದಕ್ಕೆ ಕಾರಣ.

ಇವುಗಳಲ್ಲಿ ಎರಡನೆಯದಕ್ಕೆ ಬ್ಲಾಕ್‌ಚೈನ್ ಉತ್ತರವಾಗಬಲ್ಲದು. ಹಲವು ಸಂಸ್ಥೆಗಳು ಸೇರಿ ಇಡುವ, ಒಮ್ಮೆ ಬರೆದುದನ್ನು ಗುಟ್ಟಾಗಿ ತಿದ್ದಲಾಗದ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. ರಿಸರ್ವ್ ಬ್ಯಾಂಕಿನ 2014ರ ಮಾರ್ಗಸೂಚಿಯಂತೆ ರೂಪುಗೊಂಡು 2017ರಲ್ಲಿ ಕಾರ್ಯಾರಂಭ ಮಾಡಿದ ಮೂರು ಟ್ರೆಡ್ಸ್ ವೇದಿಕೆಗಳು ಸಣ್ಣ ಉದ್ಯಮಗಳ ಬಿಲ್ಲುಗಳನ್ನು ಹರಾಜಿಗಿಟ್ಟು ಬ್ಯಾಂಕುಗಳಿಂದ ಹಣ ಕೊಡಿಸುತ್ತವೆ. ಪರಸ್ಪರ ಪೈಪೋಟಿಯ ಈ ವೇದಿಕೆಗಳು 2018ರಲ್ಲಿ ಬ್ಲಾಕ್‌ಚೈನ್ ಅಳವಡಿಸಿಕೊಂಡವು. ಗಿರಾಕಿಗಳ ಬಿಲ್ಲನ್ನು ತೋರಿಸದೆ, ಬಿಲ್ಲಿನ ಗುರುತನ್ನು ಮಾತ್ರ ಹೋಲಿಸಿ, ಒಂದೇ ಬಿಲ್ಲಿಗೆ ಎರಡು ಕಡೆ ಸಾಲ ಹುಟ್ಟದಂತೆ ತಡೆಯುವುದು ಇದರ ಉದ್ದೇಶ.

ಆದರೆ ಇದೊಂದೇ ಸರ್ವರೋಗ ನಿವಾರಕವೆಂದು ಭಾವಿಸಲಾಗದು. ಮೇರ್ಸ್ಕ್ ಮತ್ತು ಐಬಿಎಂ ಕಟ್ಟಿದ ಟ್ರೇಡ್‌ಲೆನ್ಸ್ 2023ರಲ್ಲಿ ಮುಚ್ಚಿಹೋಯಿತು. ಯೂರೋಪಿನ ಬ್ಯಾಂಕುಗಳ ವಿ.ಟ್ರೇಡ್ ಅದಕ್ಕೂ ಮೊದಲೇ, 2022ರಲ್ಲಿ ನಿಂತಿತು. ಟ್ರೇಡ್‌ಲೆನ್ಸ್‌ನಲ್ಲಿ ತಂತ್ರಜ್ಞಾನ ಸೋತಿತೆನ್ನುವುದಕ್ಕಿಂತ ಸೇರಬೇಕಾದವರೆಲ್ಲ ಸೇರಲಿಲ್ಲವೆನ್ನುವುದೇ ಸರಿ.

ಮೊದಲನೆಯ ಸಂದೇಹಕ್ಕೆ ಜಿಎಸ್‌ಟಿಯ ಇ-ಇನ್‌ವಾಯ್ಸ್ ಬಹುಮಟ್ಟಿಗೆ ಪರಿಹಾರ ನೀಡಿದೆ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇದು ಕಡ್ಡಾಯ. ಪ್ರತಿ ಬಿಲ್ಲಿಗೂ 64 ಅಕ್ಷರಗಳ ಗುರುತು ದೊರೆಯುತ್ತದೆ. ಇದಕ್ಕೆ ಬ್ಲಾಕ್‌ಚೈನ್ ಬೇಕಾಗಲಿಲ್ಲವೆಂಬುದು ಗಮನಾರ್ಹ.

ಉಳಿದಿರುವುದು ಮೂರನೆಯ ಸಂದೇಹ. ಗಂಟು ಇರುವುದು ಇಲ್ಲಿಯೇ. ವಾರ್ಷಿಕ ವಹಿವಾಟು 250 ಕೋಟಿ ಮೀರಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ನಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಆದೇಶವಾಯಿತು. ನೋಂದಣಿಯೇ ಬೇರೆ, ಬಿಲ್ಲಿಗೆ ಒಪ್ಪಿಗೆ ಒತ್ತುವುದೇ ಬೇರೆ. ಒಪ್ಪಿಗೆಗಾಗಿ ಪೀಡಿಸಿದರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಸಣ್ಣ ಉದ್ಯಮಿ ಬಾಯಿ ಬಿಡುವುದಿಲ್ಲ.

ಸ್ವಯಂಚಾಲನೆ ನೆರವಾಗಬೇಕಾದುದು ಇಂತಹ ಕಡೆ. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಅದು ಒಪ್ಪಿಗೆಯಾದಂತೆಯೇ ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. 2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಜಾಲದಲ್ಲಿಯೂ ಖರೀದಿದಾರನು ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು. ಸುಮ್ಮನಿದ್ದರೆ ಒಪ್ಪಿದನೆಂದೇ ಲೆಕ್ಕ. ಆದರೆ ಈ ಒಪ್ಪಿಗೆ ತೆರಿಗೆ ಕ್ರೆಡಿಟ್‌ಗೆ ಮಾತ್ರ ಸೀಮಿತ. ಬಿಲ್ಲಿನ ಮೇಲಿನ ಕ್ರೆಡಿಟ್ ಪಡೆದು, 15 ದಿನ ಆಕ್ಷೇಪವೆತ್ತದ ಖರೀದಿದಾರನು ಬಾಕಿಯನ್ನೂ ಒಪ್ಪಿದ್ದಾನೆಂದು ಆ ಬಿಲ್ಲು ಟ್ರೆಡ್ಸ್‌ಗೆ ತಾನಾಗಿಯೇ ಏಕೆ ಹೋಗಬಾರದು? ಆಗ ಕೇಳುವುದು ಯಂತ್ರ, ಪೂರೈಕೆದಾರನಲ್ಲ. ಜಿಎಸ್‌ಟಿ ಮಂಡಳಿ ಮತ್ತು ರಿಸರ್ವ್ ಬ್ಯಾಂಕಿನ ಮುಂದೆ ವಾಣಿಜ್ಯ ಸಂಸ್ಥೆಗಳು ಇಡಬೇಕಾದ ಬೇಡಿಕೆ ಇದು.

ಯಂತ್ರದ ಲೆಕ್ಕಕ್ಕೂ ಮಿತಿಯುಂಟು. 2025ರ ಜುಲೈನಲ್ಲಿ ಯುಪಿಐ ಜಮೆಯ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ನೀಡಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕ ತೂಗಿತು. ಬಂದ ಹಣ ತೆರಿಗೆ ಬೀಳುವ ಸರಕಿನದೋ, ತೆರಿಗೆಯಿಲ್ಲದ ತರಕಾರಿಯದೋ, ಕೈಸಾಲದ್ದೋ ಎಂಬುದು ಆ ಮೊತ್ತದಲ್ಲಿ ಕಾಣುವುದಿಲ್ಲ. ಅದನ್ನು ತಿದ್ದಲಾಗದ ಪುಸ್ತಕದಲ್ಲಿ ಬರೆದಿಟ್ಟಿದ್ದರೂ ಕಾಣುತ್ತಿರಲಿಲ್ಲ.

ಆದ್ದರಿಂದ ಬಿಲ್ಲಿನ ವಿಷಯದಲ್ಲಿಯೂ ಖರೀದಿದಾರನ ಮಾತಿಗೆ ಅವಕಾಶವಿರಲೇಬೇಕು. ಉಡುಪಿನ ಹೊಲಿಗೆಯ ದೋಷ ಕೆಲವೊಮ್ಮೆ ತಡವಾಗಿ ಬೆಳಕಿಗೆ ಬರುತ್ತದೆ. ಅಂತಹ ವ್ಯವಹಾರಗಳಲ್ಲಿ ಬಿಲ್ಲಿನ ಸಂಪೂರ್ಣ ಮೊತ್ತಕ್ಕೆ ತಡೆಯೊಡ್ಡದೆ, ವಿವಾದವಿರುವ ಭಾಗವನ್ನು ಮಾತ್ರ ಕಾರಣಸಹಿತ ತಡೆಹಿಡಿದು ಉಳಿದುದಕ್ಕೆ ಸಾಲ ಸಿಗುವಂತೆ ವ್ಯವಸ್ಥೆಯನ್ನು ರೂಪಿಸಬಹುದು.