ಸಕ್ಕರೆಯ ಕುದುರೆಯೂ ಪೊಟ್ಟಣದ ಕರಡಿಯೂ

ಮಕ್ಕಳಿಗಾಗಿ ತಯಾರಾಗುವ ಸಿಹಿತಿನಿಸಿಗೆ ಈಗ ರುಚಿಯೊಂದಿದ್ದರೆ ಸಾಲದು. ಅದಕ್ಕೊಂದು ಗೊಂಬೆಯೂ ಬೇಕು. ಕಣ್ಣು ಮಿಟುಕಿಸುವ ಕರಡಿಯೋ, ಟೋಪಿ ತೊಟ್ಟ ಮೊಲವೋ, ನಾಲಗೆ ಚಾಚಿದ ಪುಟಾಣಿ ಭೂತವೋ ಐಸ್‌ಕ್ರೀಮಿನ ಬಟ್ಟಲ ಮೇಲೆ, ಜೆಲ್ಲಿಯ ಡಬ್ಬಿಯ ಮೇಲೆ ಕುಳಿತಿರಲೇಬೇಕು. ಆಕ್ಷೇಪಿಸಿದವರಿಗೆ ಒಂದು ಉತ್ತರ ಸಿದ್ಧವಾಗಿದೆ: ‘ಇದರಲ್ಲೇನು ಹೊಸತು? ನಿಮ್ಮ ಹಿರಿಯರೂ ಸಕ್ಕರೆಯಲ್ಲಿ ಆನೆ ಕುದುರೆ ಮಾಡಿ ಮಕ್ಕಳ ಕೈಗೆ ಕೊಡಲಿಲ್ಲವೆ?’

ಕೊಟ್ಟರು, ನಿಜ. ಆ ಮಾತನ್ನೇ ಹಿಡಿದು ಕುಡಚಿಯ ಕಡೆಗೆ ಹೋಗೋಣ. ಕೃಷ್ಣೆಯ ದಂಡೆಯ ಊರು; ಸುತ್ತಲೂ ಕಬ್ಬು; ಹೊಳೆಯಾಚೆ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರಖಾನೆ. ಸಕ್ಕರೆಗೆ ಬರವಿಲ್ಲದ ಈ ಸೀಮೆಯಲ್ಲಿ ಸಕ್ಕರೆಯ ಗೊಂಬೆಗೆ ಮಾತ್ರ ಗೊತ್ತಾದ ಒಂದು ಕಾಲವುಂಟು. ಅದು ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆ. ಕಟ್ಟಿಗೆಯ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ಬಿಗಿದು, ಕಾದ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ಕುದುರೆ, ನವಿಲು, ತೇರು! ಹುಡುಗಿಯರು ಅವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗಿ, ಬಳಿಕ ಹಂಚಿ ತಿನ್ನುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಬೀಗರ ಮನೆಯಿಂದ ಸಕ್ಕರೆ ಆರತಿ ಬರುವುದೂ ಉಂಟು.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಸಕ್ಕರೆಯ ಕುದುರೆಗೆ ಹೆಸರಿಲ್ಲ, ಒಡೆಯನಿಲ್ಲ. ಅಚ್ಚು ಇರುವ ಯಾರೂ ಅದನ್ನು ಮಾಡಬಹುದು. ಹುಣ್ಣಿಮೆ ಕಳೆದ ಮೇಲೆ ಅಚ್ಚು ಅಟ್ಟವೇರುತ್ತದೆ; ಮರುವರ್ಷದವರೆಗೆ ಕುದುರೆ ಮಗುವನ್ನು ಕರೆಯುವುದಿಲ್ಲ. ಪೊಟ್ಟಣದ ಕರಡಿಗಾದರೋ ಹುಣ್ಣಿಮೆಯೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ಟಿ.ವಿ.ಯಲ್ಲಿ, ಅಪ್ಪನ ಮೊಬೈಲಿನಲ್ಲಿ, ಅಂಗಡಿಯ ಫ್ರಿಜ್ಜಿನ ಗಾಜಿನ ಹಿಂದೆ ಅದು ವರ್ಷದ 365 ದಿನವೂ ಕೈಬೀಸುತ್ತದೆ. ಕುದುರೆಯನ್ನು ತಿಂದರೆ ಆಟ ಮುಗಿಯಿತು. ಕರಡಿಯನ್ನು ತಿನ್ನಲಾಗದು, ಆದುದರಿಂದಲೇ ತಿನ್ನುವುದು ಮುಗಿಯುವುದಿಲ್ಲ.

ಜಾಹೀರಾತಿನ ಗೊಂಬೆಗಳೆಲ್ಲ ಕೆಟ್ಟವೆಂದು ನನ್ನ ವಾದವಲ್ಲ. ಮೈಸೂರಿನ ಆರ್. ಕೆ. ಲಕ್ಷ್ಮಣರು 1954ರಲ್ಲಿ ಏಷಿಯನ್ ಪೇಂಟ್ಸಿಗಾಗಿ ಬರೆದ ಗಟ್ಟುವನ್ನು ಕಂಡು ಯಾವ ಮಗು ಬಣ್ಣದ ಡಬ್ಬಿಗಾಗಿ ಅಂಗಡಿಯ ಮುಂದೆ ಹೊರಳಾಡಿ ಅತ್ತೀತು? 1966ರಿಂದ ಅಮುಲ್ ಬೆಣ್ಣೆಯ ಹುಡುಗಿ ನಗಿಸುತ್ತ ಬಂದಿರುವುದು ಪತ್ರಿಕೆ ಓದುವ ದೊಡ್ಡವರನ್ನು. ಆ ಗೊಂಬೆಗಳು ಮಾತಾಡುವುದು ತಮ್ಮ ದುಡ್ಡನ್ನು ತಾವೇ ಎಣಿಸಬಲ್ಲವರೊಡನೆ. ಈ ಕರಡಿ ಮಾತಾಡುವುದು ಕಥೆ ಯಾವುದು, ಜಾಹೀರಾತು ಯಾವುದು ಎಂದು ಬೇರ್ಪಡಿಸಲಾರದ ನಾಲ್ಕೈದು ವರ್ಷದ ಕೂಸಿನೊಡನೆ. ಗೆಳೆಯನ ವೇಷದಲ್ಲಿ ಬಂದು ಮಾಲು ಮಾರಿಸುವವನಿಗೆ ನಮ್ಮ ಪೇಟೆಯಲ್ಲಿ ದಲಾಲಿ ಎನ್ನುತ್ತಾರೆ. ಕರಡಿಗೇಕೆ ಬೇರೆ ಹೆಸರು?

ಕಾನೂನು ಪೂರ್ತಿ ಕಣ್ಣು ಮುಚ್ಚಿಲ್ಲ. 2020ರ ಕೇಂದ್ರ ನಿಯಮದಂತೆ ಸಕ್ಕರೆ ಹೆಚ್ಚಾದ ತಿನಿಸನ್ನು ಶಾಲೆಯ ಆವರಣದಲ್ಲಾಗಲಿ, ಅದರಿಂದ 50 ಮೀಟರಿನೊಳಗಾಗಲಿ ವಿದ್ಯಾರ್ಥಿಗಳಿಗೆ ಮಾರಕೂಡದು. ಸರಿ, 51ನೆಯ ಮೀಟರಿನಲ್ಲಿ ಕರಡಿ ಕಾದು ನಿಂತರೆ? ಚಿಲಿ ದೇಶ 2016ರಲ್ಲಿ ಇನ್ನೂ ನೇರವಾದ ದಾರಿ ಹಿಡಿಯಿತು. ಸಕ್ಕರೆ ಮಿತಿಮೀರಿದ ತಿನಿಸಿನ ಪೊಟ್ಟಣದಿಂದ ಮಕ್ಕಳನ್ನು ಸೆಳೆಯುವ ಚಿತ್ರಗಳನ್ನೇ ತೆಗೆಸಿತು. ಜಗತ್ಪ್ರಸಿದ್ಧವಾದ ಕೆಲಾಗ್ಸ್ ಹುಲಿಯೂ ಅಲ್ಲಿ ಬಾಲ ಮಡಚಬೇಕಾಯಿತು. ನಮ್ಮಲ್ಲಿಯೂ ಹಾಗೇಕಾಗಬಾರದು?

‘ಹಾಗಾದರೆ ನಮ್ಮ ಕಲಾವಿದರ ಗತಿಯೇನು?’ ಎಂದು ಕೇಳುವವರಿದ್ದಾರೆ. ಕರಡಿ ಬರೆಯಬಲ್ಲ ಕೈ ಮಕ್ಕಳ ಪುಸ್ತಕಗಳಿಗೆ ಬರೆಯಲಿ. ಕನ್ನಡದಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ. ಪೊಟ್ಟಣದ ಮೇಲೆ ಖಾಲಿಯಾದ ಜಾಗದಲ್ಲಿ, ಒಳಗೆ ಎಷ್ಟು ಚಮಚ ಸಕ್ಕರೆಯಿದೆಯೆಂದು ಕರಡಿಯಷ್ಟೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಲಿ. ಕೊಳ್ಳುವುದೋ ಬಿಡುವುದೋ ಕುಡಚಿಯ ತಾಯಿ ಓದಿ ತೀರ್ಮಾನಿಸುತ್ತಾಳೆ. ಅದೂ ಬೇಡವೆಂದರೆ, ನಮ್ಮ ಸಕ್ಕರೆಯ ಕುದುರೆಯನ್ನು ಸಾಕ್ಷಿಗೆ ಕರೆಯುವ ಕಂಪನಿಯವರು ಅದರ ಶಿಸ್ತನ್ನೂ ಕಲಿಯಲಿ: ವರ್ಷಕ್ಕೊಮ್ಮೆ ಬರಲಿ, ಹುಣ್ಣಿಮೆ ಮುಗಿಸಿಕೊಂಡು ಹೋಗಲಿ.